ಅಡವಿ ಉಳ್ಳಾಗಡ್ಡಿ, ಎರಡು ತಂಬಿಗೆ ನೀರು

ಮೊನ್ನೆ ಕಮಲಾಪುರದ ಸಂತೆಯಲ್ಲಿ ಒಂದು ವಾಸನೆ ನನ್ನನ್ನು ಹಿಡಿದು ನಿಲ್ಲಿಸಿತು. ಇದು ಅಲಂಕಾರಕ್ಕೆ ಹೇಳಿದ ಮಾತಲ್ಲ. ಕೆಂಪು ಬಾಳೆಹಣ್ಣಿನ ಸಾಲು ದಾಟಿ ಬಸ್ ಸ್ಟ್ಯಾಂಡಿನ ಕಡೆ ಹೊರಟವನು ನಿಜವಾಗಿಯೂ ಕಾಲು ಕೀಳಲಾರದೆ ನಿಂತೆ. ಗೋಣಿ ತಟ್ಟಿನ ಮೇಲೆ ಒಬ್ಬ ಮುದುಕಿ ಗೋಲಿಗಿಂತ ತುಸು ದೊಡ್ಡದಿದ್ದ ಉಳ್ಳಾಗಡ್ಡಿಗಳನ್ನು ಗುಡ್ಡೆ ಹಾಕಿಕೊಂಡು ಕೂತಿದ್ದಳು. ಗಡ್ಡೆಗಳ ಮೈಗೆ ಎರೆಮಣ್ಣು ಮೆತ್ತಿಕೊಂಡೇ ಇತ್ತು.

"ಬದುವಿನವೇನಬೇ ಇವು?" ಎಂದೆ.

"ಹೌದಪ್ಪಾ. ಯಾರೂ ಬಿತ್ತಿಲ್ಲ, ಯಾರೂ ನೀರು ಬಿಟ್ಟಿಲ್ಲ. ಒಂದು ತಿಂದ್ರ ನಾಳಿ ಮಟ ನಿನ್ನ ಜೋಡಿನೇ ಇರ್ತದ."

ನಮ್ಮ ಕಡೆ ಇದಕ್ಕೆ ಅಡವಿ ಉಳ್ಳಾಗಡ್ಡಿ ಎನ್ನುತ್ತಿದ್ದರು. ನರಿ ಉಳ್ಳಾಗಡ್ಡಿ ಬೇರೆ, ಅದು ವಿಷ. ಅದನ್ನು ತಿಂದವರು ನೆನಪುಗಳನ್ನು ಬರೆಯಲು ಉಳಿಯುವುದಿಲ್ಲ. ಇದು ಹೊಲದಲ್ಲಿ ಕೀಳುವಾಗ ಕೈತಪ್ಪಿ ಉಳಿದ ಗಡ್ಡೆ. ಬದುವಿಗೆ ಸರಿದು, ತನ್ನಷ್ಟಕ್ಕೆ ಮೊಳೆತು, ಯಾರೂ ಹೇಳುವವರು ಕೇಳುವವರು ಇಲ್ಲದೆ ಅಡವಿಯ ಪಾಲಾದದ್ದು. ನೀರು ಕಾಣದ ಸಿಟ್ಟನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡೇ ಬೆಳೆದಿರುತ್ತದೆ.

ಅಲ್ಲೇ ನಿಂತು ಒಂದನ್ನು ಅಂಗಿಗೆ ಒರೆಸಿ ಬಾಯಿಗೆ ಹಾಕಿಕೊಂಡೆ. ಆ ಘಾಟಿನ ಹಿಂದೆಯೇ ಕಾಕಾ ನೆನಪಾಗಿ ಬಂದರು…

ಕಾಕಾ ನನ್ನ ಸ್ವಂತ ಕಾಕಾ ಅಲ್ಲ. ಶಹಾಬಜಾರದ ಗಲ್ಲಿಯೊಂದರಲ್ಲಿ ನಾನು ಬಾಡಿಗೆಗಿದ್ದ ಖೋಲಿಯ ಮಾಲಕರು. ಕಮಲಾಪುರದ ಕಚೇರಿಯಲ್ಲಿ ನನಗಿಂತ ಬಹಳ ಹಿರಿಯ ಗುಮಾಸ್ತರೂ ಹೌದು. ಇಬ್ಬರೂ ದಿನಾ ಒಂದೇ ಬಸ್ಸಿಗೆ ಹೋಗಿ ಒಂದೇ ಬಸ್ಸಿಗೆ ಬರುತ್ತಿದ್ದೆವು. ಕಾಕಾನ ಹಣೆಯಲ್ಲಿ ಅಂಗಾರದ ಕಪ್ಪು ಗೆರೆ, ತೋಳಿನಲ್ಲಿ ಗೋಪಿಚಂದನದ ಮುದ್ರೆ. ಸಂಧ್ಯಾವಂದನೆ ತಪ್ಪಿಸಿದ್ದನ್ನು ನಾನು ಕಂಡವನಲ್ಲ. ಮನೆಯ ಆಡಳಿತ ಅವರ ಹೆಂಡತಿ ಕಾಕುವಿನದು. ಸಿಟ್ಟು ಬಂದರೆ ಮರಾಠಿ, ವಿಚಾರ ಮಾಡಿ ಹೇಳುವುದಿದ್ದರೆ ಕನ್ನಡ, ಇದು ಅವರ ಪದ್ಧತಿ. ಖೋಲಿ ಕೊಡುವಾಗ ಷರತ್ತನ್ನು ಅವರು ಅಚ್ಚ ಕನ್ನಡದಲ್ಲೇ ವಿಧಿಸಿದ್ದರು.

"ಉಳ್ಳಾಗಡ್ಡಿ, ಬಳ್ಳೊಳ್ಳಿ ಈ ಮನಿ ಹೊಸ್ತಿಲ ದಾಟಬಾರ್ದು. ಹೊಟ್ಟ್ಯಾಗ ಇಟ್ಕೊಂಡು ದಾಟಿದ್ರೂ ಅದು ದಾಟಿದಂಗೇ, ತಿಳೀತಿಲ್ಲೊ?"

ಮುಷ್ಟಿಯಿಂದ ಗುದ್ದಿದ ಉಳ್ಳಾಗಡ್ಡಿ ಇಲ್ಲದೆ ರೊಟ್ಟಿ ಮುರಿಯದ ಮನೆತನದವನು ನಾನು. ಆದರೂ ಒಪ್ಪಿದೆ. ಅಂಥ ಗಾಳಿ-ಬೆಳಕಿನ ಖೋಲಿ, ಅದೂ ಮದುವೆಯಾಗದವನಿಗೆ, ಆ ಗಲ್ಲಿಯಲ್ಲಿ ಇನ್ನೊಂದು ಸಿಗುತ್ತಿರಲಿಲ್ಲ.

ಆ ವರ್ಷದ ಎಳ್ಳಮಾವಾಸ್ಯೆಗೆ ಕಚೇರಿಯ ಪರಿಚಯದ ರೈತನೊಬ್ಬ ನಮ್ಮಿಬ್ಬರನ್ನೂ ಹೊಲಕ್ಕೆ ಕರೆದ. ಆಹಾ, ಆ ಹೊಲ… ಎದೆಯೆತ್ತರದ ಜೋಳ, ನಡುನಡುವೆ ಕುಸುಬೆ, ಬನ್ನಿಗಿಡದ ನೆರಳಲ್ಲಿ ಹಾಸಿದ ಕಂಬಳಿ. ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹಿಂಡಿ, ಗಡಿಗೆ ತುಂಬ ಅಂಬಲಿ. ಮಡಿಯ ಕಾಕಾ ಅದರಲ್ಲಿ ಒಂದನ್ನೂ ಮುಟ್ಟುವವರಲ್ಲ. ಬಾಳೆಹಣ್ಣು, ಹಸಿ ಕಡಲೆ ಇಷ್ಟೇ ಅವರ ಹಬ್ಬ. ಸ್ವಲ್ಪ ದೂರದಲ್ಲಿ ಗಂಭೀರವಾಗಿ ಕೂತಿದ್ದರು.

ಆಗ ರೈತನ ತಾಯಿ ಬದುವಿನಿಂದ ಹಿಡಿ ಉಳ್ಳಾಗಡ್ಡಿ ಕಿತ್ತು ತಂದು, ಕಲ್ಲಿನ ಮೇಲಿಟ್ಟು, ಅಂಗೈಯಿಂದ ಒಂದೇ ಏಟು ಹಾಕಿದಳು. ಗಾಳಿ ಕಾಕಾನ ಕಡೆಗಿತ್ತು. ಅವರ ಮೂಗಿನ ಹೊಳ್ಳೆ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ.

"ಇದಕ್ಕ ಔಷಧಿ ಗುಣ ಅದ ಅಂತಾರಲ್ಲ?" ಎಂದರು, ಕಡತವೊಂದರ ವಿಚಾರಣೆ ನಡೆಸುವ ದನಿಯಲ್ಲಿ.

"ಔಷಧಿ ಅಲ್ರಿ ಆಚಾರ್ರ, ಉಳ್ಳಾಗಡ್ಡಿ," ಎಂದಳು ಆಕೆ. "ತಿಂದು ನೋಡ್ರಿ."

ಕಾಕಾ ನನ್ನ ಕಡೆ ನೋಡಿದರು. ನಾನು ಜೋಳದ ಕಡೆ ನೋಡಿದೆ. ತಿರುಗಿದಾಗ ಕೆಲಸ ಆಗಿಹೋಗಿತ್ತು. ಕಣ್ಣು, ಮೂಗು, ಬಾಯಿ ಮೂರೂ ಇಲಾಖೆಗಳು ಏಕಕಾಲಕ್ಕೆ ಸುರಿಯತೊಡಗಿದ್ದವು. ಶಲ್ಯದಿಂದ ಮುಖ ಒರೆಸಿಕೊಂಡು, ಐವತ್ತು ದಾಟಿದ ಆ ಮನುಷ್ಯ, "ಇಷ್ಟ್ ದಿನಾ ನಾ ಏನ್ ತಿನ್ಲಕತ್ತಿದ್ದೆ ಹಂಗಾರ?" ಎಂದು ಮತ್ತೊಂದಕ್ಕೆ ಕೈಚಾಚಿದರು. ಅಂಥ ಸಂತೋಷವನ್ನು ನಾನು ಅವರ ಬಡ್ತಿಯ ದಿನವೂ ಕಂಡಿರಲಿಲ್ಲ.

ನಾನು ಮಾತ್ರ ಖೋಲಿಯ ನೆನಪಾಗಿ ಒಂದು ಎಸಳನ್ನೂ ಮುಟ್ಟಲಿಲ್ಲ.

ಕಮಲಾಪುರ ಬಿಡುವ ಮುಂಚೆ ಕಾಕಾಗೆ ಭಯ ಹುಟ್ಟಿತು. ಕೆಂಪು ಬಾಳೆಹಣ್ಣು ಎಂಥ ವಾಸನೆಯನ್ನೂ ಮುಚ್ಚುತ್ತದೆ ಎಂಬುದು ಅವರ ಸಿದ್ಧಾಂತ. ಸ್ಟ್ಯಾಂಡಿನಲ್ಲಿ ನಿಂತು ಒಂದರ ಮೇಲೊಂದು ತಿಂದರು. ಪರಿಣಾಮವಾಗಿ, ಒಂದು ವಾಸನೆಯ ಸಾಕ್ಷಿ ಇದ್ದಲ್ಲಿ ಎರಡಾದವು. ಬಸ್ಸಿನಲ್ಲಿ ನಮ್ಮ ಮುಂದಿನ ಸೀಟು ಖಾಲಿಯಾಯಿತು, ಆಮೇಲೆ ಹಿಂದಿನದೂ.

"ಯಾರ್ರೀ ಉಳ್ಳಾಗಡ್ಡಿ ಚೀಲ ಇಟ್ಟವ್ರು? ಲಗೇಜ್ ಟಿಕೆಟ್ ತಗೋರಿ," ಎಂದ ಕಂಡಕ್ಟರ್.

ಕಾಕಾ ಕಿಟಕಿಯಿಂದ ಹೊರಗೆ ತಲೆಹಾಕಿ ನಿಸರ್ಗವನ್ನು ನೋಡುತ್ತಿದ್ದರು.

ಶಹಾಬಜಾರದ ಹೊಸ್ತಿಲಲ್ಲಿ ಕಾಕು ನಿಂತಿದ್ದರು. ಒಂದೇ ಉಸಿರು ಎಳೆದುಕೊಂಡರು. "ಯಾರು?"

ಕಾಕಾನ ತೋರುಬೆರಳು ಮೆಲ್ಲಗೆ, ತನ್ನದೇ ನಿರ್ಧಾರವೆಂಬಂತೆ, ನನ್ನ ಕಡೆ ತಿರುಗಿತು. ತಿಂದವರು ಅವರು, ನಾರಿದವನು ನಾನು. ಅಲ್ಲ ಎನ್ನಲು ಬಾಯಿ ತೆರೆದೆ… ಮಾತು ಹೊರಡುವ ಮುನ್ನವೇ ಕಾಕು ಸೆರಗಿನಿಂದ ಮೂಗು ಮುಚ್ಚಿಕೊಂಡಾಗಿತ್ತು.

"ಈ ತಿಂಗಳ ಮುಗಿಯೂತನಾ ಇರ್ಲಿ. ಆಮ್ಯಾಲ ಖೋಲಿ ಖಾಲಿ ಮಾಡ್ಲಿ."

ಹೇಳಿದ್ದು ಕನ್ನಡದಲ್ಲಿ. ಸಿಟ್ಟಲ್ಲ, ತೀರ್ಪು ಎಂದು ಅರ್ಥವಾಯಿತು.

ಮರುದಿನ ಬೆಳಿಗ್ಗೆ ಮಹಡಿಯಲ್ಲಿ ಹಾಸಿಗೆ ಸುತ್ತುತ್ತಾ, ಇನ್ನೆಲ್ಲಿ ಖೋಲಿ ಹುಡುಕಲಿ ಎಂಬ ಚಿಂತೆಯಲ್ಲಿದ್ದೆ. ಕೆಳಗೆ ಕಾಕಾನ ಪೂಜೆ ನಡೆದಿತ್ತು. ಮಂತ್ರ ಕೇಳಿತು, ಆದರೆ ಗಂಟೆ ಕೇಳಲಿಲ್ಲ. ಬಗ್ಗಿ ನೋಡಿದರೆ ಕಾಕಾ ಅರ್ಧಕ್ಕೇ ಎದ್ದು ಅಂಗಳಕ್ಕೆ ಬಂದು, ತುಳಸಿಕಟ್ಟೆಯ ಹತ್ತಿರ ಅಪರಾಧಿಯಂತೆ ನಿಂತಿದ್ದರು.

"ಕೇಳಿಲ್ಲಿ. ಆ ಹುಡುಗಂದು ತಪ್ಪಿಲ್ಲ."

"ಮತ್ತ ಯಾರ್ದು?" ಒಳಗಿನಿಂದ ಕಾಕು.

ಕಾಕಾ ಆಕಾಶ ನೋಡಿದರು, ತುಳಸಿ ನೋಡಿದರು, ಕೊನೆಗೆ ತಮ್ಮ ಕಾಲು ನೋಡಿಕೊಂಡರು. ಸತ್ಯ ಗಂಟಲ ತನಕ ಬಂದದ್ದು ಮೇಲಿನಿಂದ ನನಗೆ ಕಾಣುತ್ತಿತ್ತು.

"ಹೊಲದಾಗ… ಗಾಳಿ ಹಂಗ ಬೀಸ್ತದ," ಎಂದರು.

ಒಳಗೆ ಡಬ್ಬಿ ತೆಗೆದ, ನೀರು ಮೊಗೆದ ಸದ್ದಾಯಿತು. ಆಮೇಲೆ ಕಾಕು ಹೊರಗೆ ಬಂದರು. ಎರಡೂ ಕೈಯಲ್ಲಿ ಒಂದೊಂದು ಹಿತ್ತಾಳೆ ತಂಬಿಗೆ, ನೀರಿನಲ್ಲಿ ಲವಂಗ ತೇಲುತ್ತಿತ್ತು.

"ಆ ಹುಡುಗನ್ನೂ ಕರೀರಿ. ಇಬ್ಬರೂ ಬಾಯಿ ಮುಕ್ಕಳಿಸ್ರಿ. ಗಾಳಿ ಒಬ್ಬರ ಮ್ಯಾಲೇ ಬೀಸಂಗಿಲ್ಲ." ತಂಬಿಗೆ ಇಟ್ಟು ಒಳಗೆ ಹೋಗುತ್ತಾ ಅಂದರು, "ಖೋಲಿ ಇರ್ಲಿ ಬಿಡ್ರಿ."

ನಾವಿಬ್ಬರೂ ಅಕ್ಕಪಕ್ಕ ನಿಂತು ಶ್ರದ್ಧೆಯಿಂದ ಮುಕ್ಕಳಿಸಿದೆವು. ಕಾಕು ಪೂರಾ ನಂಬಿಬಿಟ್ಟರೆಂದು ಕಾಕಾ ನನ್ನ ಕಿವಿಯಲ್ಲಿ ಹೇಳಿದರು. ಇಪ್ಪತ್ತೈದರ ಬುದ್ಧಿ, ನಾನೂ ಹೌದೆಂದೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಗಂಟೆ ಕೇಳಿತು, ಎಂದಿಗಿಂತ ಜೋರಾಗಿ.

ಆಮೇಲೆ ಪ್ರತಿ ಎಳ್ಳಮಾವಾಸ್ಯೆಗೆ ಆ ಹೊಲದಲ್ಲಿ ಗಾಳಿ ಬೀಸಿತು. ಈಗ ನಾನೂ ತಿನ್ನುತ್ತಿದ್ದೆ. ಆರೋಪ ಹೊತ್ತ ಮೇಲೆ ಅಪರಾಧ ಬಿಡುವುದು ಮೂರ್ಖತನ. ವಾರ ಮೊದಲೇ ಕಾಕಾ ಕಚೇರಿಯ ಮೇಜಿನ ಮೇಲೆ ಬೆರಳಿಂದ ತಾಳ ಹಾಕತೊಡಗುತ್ತಿದ್ದರು. ನಾವು ಹಿಂತಿರುಗುವ ಹೊತ್ತಿಗೆ ಹೊಸ್ತಿಲ ಹೊರಗೆ ಎರಡು ತಂಬಿಗೆ ತುಂಬಿ ನಿಂತಿರುತ್ತಿದ್ದವು. ಅದರ ಬಗ್ಗೆ ಆ ಮನೆಯಲ್ಲಿ ಯಾರೂ ಒಂದು ಮಾತೂ ಆಡಲಿಲ್ಲ…

ನನಗೆ ಮದುವೆಯಾಯಿತು, ವರ್ಗವಾಯಿತು. ಕಾಕಾ ನಿವೃತ್ತರಾದರು. ಒಂದು ಬೇಸಿಗೆಯಲ್ಲಿ ಹೋಗಿಯೂ ಬಿಟ್ಟರು. ಸುದ್ದಿ ತಿಳಿದು ನಾನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮೊನ್ನೆ ಸಂತೆಯಿಂದ ಬಸ್ಸು ಹತ್ತಿದವನು ಮನೆಗೆ ಹೋಗಲಿಲ್ಲ. ಕಾಲು ಶಹಾಬಜಾರದ ಕಡೆ ನಡೆಯಿತು. ಕಾಕುವಿನ ಸೊಸೆ ಬಾಗಿಲು ತೆರೆದಳು. ಪಡಸಾಲೆಯಲ್ಲಿ ಕಾಕುವಿನ ಪಕ್ಕ ಮೊಮ್ಮಗಳು ಪಾಕೀಟು ಹರಿದು ಚಿಪ್ಸ್ ತಿನ್ನುತ್ತಿದ್ದಳು, ಅದಕ್ಕೂ ಉಳ್ಳಾಗಡ್ಡಿಯದೇ ವಾಸನೆ. ಕಾಲ ಎಷ್ಟು ಬದಲಾಗಿದೆ ಎಂದುಕೊಂಡರೂ, ಹಳೆಯ ಷರತ್ತಿನ ಮನುಷ್ಯ ನಾನು, ಹೊಸ್ತಿಲ ಹೊರಗೇ ನಿಂತೆ.

"ಕಾಕು, ನಾ ಒಳಗ ಬರಂಗಿಲ್ರಿ. ಅಡವಿ ಉಳ್ಳಾಗಡ್ಡಿ ತಿಂದೀನ್ರಿ."

ಕಾಕು ಕನ್ನಡಕ ಸರಿಪಡಿಸಿಕೊಂಡು ನನ್ನನ್ನು ನೋಡಿದರು. "ಈ ಸಲ ಖರೇನ ನೀನೇ ತಿಂದೀಯೇನು?"

"ಹೌದ್ರಿ."

"ಹಂಗಾರ ಬಾ. ಅವರ ಕುರ್ಚಿ ಮ್ಯಾಲೇ ಕೂಡು. ಸ್ವಲ್ಪ ಈಕಡೆ ಸರಸ್ಕೊ."

ಕುರ್ಚಿಯನ್ನು ಅವರ ಹತ್ತಿರಕ್ಕೆ ಸರಿಸಿ ಕೂತೆ. ಊರ ಸುದ್ದಿ ಕೇಳಿದರು, ಮಕ್ಕಳ ಸುದ್ದಿ ಕೇಳಿದರು. ನಾನು ಬಾಯಿಗೆ ಕೈ ಅಡ್ಡ ಹಿಡಿದು ಉತ್ತರ ಹೇಳುತ್ತಿದ್ದೆ. ಕೈ ತೆಗಿ, ಸರಿಯಾಗಿ ಕೇಳಂಗಿಲ್ಲ ಎಂದರು. ಸೊಸೆ ಒಳಗಿನಿಂದ, ಕುಡಿಯಲು ನೀರು ತರಲೇ ಎಂದು ಕೇಳಿದಳು.

"ಈಗ ಬ್ಯಾಡ," ಎಂದರು ಕಾಕು. "ಇನ್ನೊಂದೀಟು ಹೊತ್ತು ಈ ಗಾಳಿ ಇರ್ಲಿ."