ಕುಂಕುಮ ಇಟ್ಟ ಯಂತ್ರದ ಕೈ

ಎಂಬತ್ತರ ದಶಕದ ನಡುವಿನಲ್ಲಿ, ರೋಬೋ ಎಂದರೆ ನಮ್ಮ ಜಯನಗರದ ಮನೆಯವರಿಗೆ ಸಿನಿಮಾದ ತಗಡಿನ ಮನುಷ್ಯ. ಎಂಜಿನಿಯರಿಂಗಿನ ಕೊನೆಯ ವರ್ಷಕ್ಕೆ ನಾನು ಆ ವಿಷಯವನ್ನೇ ಆರಿಸಿಕೊಂಡೆನೆಂದಾಗ ಅಜ್ಜಿ, "ಅಡುಗೆ ಮಾಡತ್ತೇನೋ ಅದು?" ಎಂದರು. ಇಲ್ಲ, ಒಂದು ತಟ್ಟೆಯಿಂದ ನಿಂಬೆಹಣ್ಣು ಎತ್ತಿ ಇನ್ನೊಂದು ತಟ್ಟೆಗೆ ಇಡುವ ಕೈಯೊಂದನ್ನು ಮಾಡುತ್ತೇನೆ ಎಂದೆ. "ಅಷ್ಟಕ್ಕೆ ನಾನೇ ಇದೀನಲ್ಲ" ಎಂದು ಹೂಬತ್ತಿ ಹೊಸೆಯುತ್ತ ಕುಳಿತರು.

ಆ ನಿಂಬೆಹಣ್ಣೇ ನನ್ನ ಹೊಟ್ಟೆಯಲ್ಲಿ ಹುಳಿ ಹಿಂಡಿತು. ತರಗತಿಯಲ್ಲಿ ಎರಡೇ ಯಂತ್ರದ ಕೈಗಳು ತಯಾರಾಗುತ್ತಿದ್ದವು. ಒಂದು ನನ್ನದು, ಇನ್ನೊಂದು ಜರಗನಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಗೆಳೆಯನದು. ದಸರಾ ರಜೆ ಮುಗಿದ ಮೇಲೆ ಮೇಷ್ಟ್ರು ಎರಡನ್ನೂ ನೋಡಿ, ಒಂದನ್ನು ಮಾತ್ರ ಕಾಲೇಜಿನ ವಸ್ತುಪ್ರದರ್ಶನಕ್ಕೆ ಆರಿಸುವವರಿದ್ದರು.

ಮೊದಲ ಪಾಠದ ದಿನ ಮೇಷ್ಟ್ರು ಕಣ್ಣು ಮುಚ್ಚಿ ಮೂಗು ಮುಟ್ಟಿಕೊಳ್ಳಿ ಎಂದಿದ್ದರು. ಎಲ್ಲರೂ ಮುಟ್ಟಿಕೊಂಡೆವು. ಕೈ ಎಲ್ಲಿದೆ ಎಂಬ ಸುದ್ದಿ ಸದಾ ಒಳಗೆ ಹೋಗುತ್ತಿರುತ್ತದೆ, ಅದಿಲ್ಲದಿದ್ದರೆ ಬೆರಳು ಕಣ್ಣಿಗೇ ಹೋದೀತು, ಯಂತ್ರಕ್ಕೂ ಆ ಸುದ್ದಿ ಬೇಕು, ಅದೇ ಫೀಡ್‌ಬ್ಯಾಕ್ ಎಂದು ವಿವರಿಸಿದ್ದರು. ನಮ್ಮ ಯಂತ್ರದ ಕೈಗಳಲ್ಲಿ ಆ ಕೆಲಸ ಮೊಣಕೈ ಕೀಲಿನ ಒಂದು ತಗಡಿನ ಬಿಲ್ಲೆಯದು. ಅದರ ಅಂಚಿನ ಸುತ್ತ ಸಣ್ಣ ತೂತುಗಳು, ಹಿಂದೆ ಪುಟ್ಟ ದೀಪ. ಕೈ ತಿರುಗಿದಂತೆ ಬಿಲ್ಲೆಯೂ ತಿರುಗುತ್ತಿತ್ತು. ತೂತುಗಳಿಂದ ಮಿನುಗುವ ಬೆಳಕನ್ನು ಎಣಿಸಿಯೇ ಯಂತ್ರ ತಾನೆಲ್ಲಿ ನಿಲ್ಲಬೇಕೆಂದು ತಿಳಿದುಕೊಳ್ಳುತ್ತಿತ್ತು.

ಜೆ.ಸಿ. ರಸ್ತೆಯ ಗುಜರಿಯಲ್ಲಿ ಒಂದೇ ರಾಶಿಯಿಂದ ನಾವಿಬ್ಬರೂ ಕಾರಿನ ವೈಪರ್ ಮೋಟಾರುಗಳನ್ನು ಆರಿಸಿದ್ದೆವು. ನನ್ನದು ಗೂರಲು ರೋಗಿಯಂತೆ ಕೆಮ್ಮಿತು. ಅವನದು ಬೆಣ್ಣೆಯಿಂದ ಕೂದಲು ತೆಗೆದಂತೆ ತಿರುಗಿತು. ಅವನ ಬೆಸುಗೆ ಮುತ್ತು, ನನ್ನದು ಹಕ್ಕಿ ಹಿಕ್ಕೆ. ಅವನು ಜಂಬದವನಾಗಿದ್ದರೆ ದ್ವೇಷಿಸುವುದು ಸುಲಭವಿತ್ತು. ನನ್ನ ತಂತಿ ಕಿತ್ತಾಗಲೆಲ್ಲ ಕೇಳದೆಯೇ ಬಂದು ಬೆಸೆದುಕೊಟ್ಟು, ಏನೂ ಆಗದವನಂತೆ ಹೋಗಿಬಿಡುತ್ತಿದ್ದ. ಅಂಥ ದಿನ ನನಗೆ ಅನ್ನ ಸೇರುತ್ತಿರಲಿಲ್ಲ. ಅಜ್ಜಿಗೆ ಮುಖ ನೋಡಿಯೇ ತಿಳಿಯುತ್ತಿತ್ತು. "ಹೊಟ್ಟೆಕಿಚ್ಚು ಸೆರಗಲ್ಲಿ ಕಟ್ಕೊಂಡ ಕೆಂಡ ಕಣೋ" ಎನ್ನುತ್ತಿದ್ದರು. ನನಗೆ ಸೆರಗಿರಲಿಲ್ಲ, ಕೆಂಡ ಇತ್ತು.

ರಜೆಗೆ ಲ್ಯಾಬಿಗೆ ಬೀಗ ಬೀಳುತ್ತದೆಂದು ಇಬ್ಬರೂ ನಮ್ಮ ನಮ್ಮ ಕೈಗಳನ್ನು ಮನೆಗೆ ಒಯ್ದೆವು. ಆಯುಧಪೂಜೆಯ ದಿನ ಅಪ್ಪನ ಸ್ಕೂಟರ್, ಹೊಲಿಗೆ ಯಂತ್ರ, ಈಳಿಗೆಮಣೆಗಳ ಸಾಲಿನಲ್ಲಿ ನನ್ನದನ್ನೂ ಕೂರಿಸಿದೆ. ಎಣ್ಣೆ ಬಿಡಲೆಂದು ಬಿಲ್ಲೆಯ ಮುಚ್ಚಳ ಬಿಚ್ಚಿಟ್ಟಿದ್ದೆ. ಅಜ್ಜಿ ಗಂಧ ತೇದು, ಬಿಲ್ಲೆಯ ಅಂಚಿನ ಸುತ್ತ ಒಂದೊಂದೇ ಬೊಟ್ಟಿಟ್ಟು, ಮೇಲೆ ಕುಂಕುಮ ಇಟ್ಟರು. ನೋಡಲು ದೇವರ ಪ್ರಭಾವಳಿಯಂತಿತ್ತು. ಪೂಜೆಯ ಕುಂಕುಮವನ್ನು ಒರೆಸಬಾರದು, ತಾನಾಗಿ ಉದುರಬೇಕು ಎಂಬುದು ನಮ್ಮ ಮನೆಯ ಕಟ್ಟಳೆ. ನನಗೂ ಒರೆಸುವ ಮನಸ್ಸಿರಲಿಲ್ಲ. ಅವನ ಕೈಗಿಲ್ಲದ ಬಲವೊಂದು ನನ್ನದಕ್ಕೆ ಬಂತೆಂದುಕೊಂಡು ಹಾಗೆಯೇ ಮುಚ್ಚಳ ಬಿಗಿದೆ.

ರಜೆ ಮುಗಿದು ಮೇಷ್ಟ್ರು ನೋಡುವ ದಿನ ಬಂತು. ಅವನ ಕೈ ನಿಂಬೆಹಣ್ಣನ್ನು ಎತ್ತಿ, ಮಗುವನ್ನು ತೊಟ್ಟಿಲಿಗೆ ಹಾಕಿದಂತೆ ಎದುರು ತಟ್ಟೆಗಿಟ್ಟಿತು. ನನ್ನದೂ ಎತ್ತಿತು. ಆದರೆ ತಟ್ಟೆಯ ಮೇಲೆ ನಿಲ್ಲದೆ, ಮೇಜಿನ ಅಂಚನ್ನೂ ದಾಟಿ, ನಿಂಬೆಹಣ್ಣನ್ನು ಮೇಷ್ಟ್ರ ಹೊಟ್ಟೆಗೆ ಒತ್ತಿ ಹಿಡಿದು ಗುರುಗುಟ್ಟತೊಡಗಿತು.

"ಏನಪ್ಪಾ, ನನಗೆ ದೃಷ್ಟಿ ತೆಗೀತಿದೆಯಾ?" ಎಂದರು ಮೇಷ್ಟ್ರು.

ಇಡೀ ತರಗತಿ ನಕ್ಕಿತು. ನಗದವನು ಅವನೊಬ್ಬನೇ. ಓಡಿಬಂದು ಸ್ವಿಚ್ ಆರಿಸಿ, ಮುಚ್ಚಳ ಬಿಚ್ಚಿದ. ಬಿಲ್ಲೆಯ ಮುಕ್ಕಾಲು ತೂತುಗಳಲ್ಲಿ ಗಂಧ ಗಟ್ಟಿಯಾಗಿ ಒಣಗಿತ್ತು. ಬೆಳಕು ಕಾಣದ ಯಂತ್ರ ತಾನಿನ್ನೂ ತಲುಪಿಲ್ಲವೆಂದೇ ಎಣಿಸಿಕೊಂಡು ಮುಂದೆ ಮುಂದೆ ಹೋಗಿತ್ತು.

"ಮಗಾ, ನಿನ್ನ ಲೆಕ್ಕ ಎಲ್ಲಾ ಕರೆಕ್ಟಾಗಿದೆ. ಇದಕ್ಕೆ ಕಣ್ಣು ಕಟ್ಟಿದೆ ಅಷ್ಟೇ" ಎಂದ, ಮೇಷ್ಟ್ರಿಗೂ ಕೇಳುವಂತೆ. ಮೇಷ್ಟ್ರು ಕೇಳಿಸಿಕೊಂಡರು, ತಲೆದೂಗಿದರು, ಅವನ ಕೈಯನ್ನೇ ಆರಿಸಿದರು.

ಸಂಜೆ ನನ್ನ ಯಂತ್ರದ ಭಾರವನ್ನು ತಾನೇ ಹೊತ್ತು ನನ್ನ ಜೊತೆ ಮನೆಯವರೆಗೂ ಬಂದ. ಬೇಡವೆಂದರೂ ನೆಲದ ಮೇಲೆ ಕೂತು, ಪೊರಕೆಕಡ್ಡಿಯಿಂದ ತೂತುಗಳನ್ನು ಬಿಡಿಸತೊಡಗಿದ. ಏನಾಯಿತೆಂದು ಅಜ್ಜಿ ಕೇಳಿದ್ದಕ್ಕೆ ಅಡುಗೆಮನೆಯ ಜರಡಿ ತರಿಸಿ ಕಿಟಕಿಗೆ ಹಿಡಿದು, ಹಿಟ್ಟು ಮೆತ್ತಿಕೊಂಡ ಕಡೆ ಬೆಳಕು ಬರುತ್ತದೆಯೇ ನೋಡಿ ಎಂದ. ನಾನು ತಿಂಗಳುಗಟ್ಟಲೆ ಮನೆಯಲ್ಲಿ ಹೇಳದಿದ್ದ ಪಾಠ ಅಜ್ಜಿಗೆ ಒಂದು ಜರಡಿಯಲ್ಲಿ ತಿಳಿಯಿತು.

"ಅಯ್ಯೋ, ಕಣ್ಣಿಗೇ ಗಂಧ ಮೆತ್ತಿದೆನಲ್ಲೋ. ಇವನು ಬಾಯೇ ಬಿಡಲಿಲ್ಲ ನೋಡು" ಎಂದರು, ನನ್ನ ಕಡೆ ಕೈ ತೋರಿಸಿ. ಆಮೇಲೆ ಅವನ ಯಂತ್ರಕ್ಕೆ ಪೂಜೆಯಾಯಿತೇ ಎಂದು ವಿಚಾರಿಸಿದರು.

"ಮನೇಲಿ ಟ್ರ್ಯಾಕ್ಟರ್‌ಗೆ ಮಾಡುದ್ರು ಅಜ್ಜಿ. ಇದನ್ನ ಮರ್ತೇಬಿಟ್ರು."

ಪ್ರದರ್ಶನದ ಬೆಳಿಗ್ಗೆ ಅಜ್ಜಿಯ ಅಪ್ಪಣೆಯಂತೆ ಅವನು ತನ್ನ ಕೈಯನ್ನು ನಮ್ಮ ಮನೆಗೇ ತಂದ. ಕುಂಕುಮದ ಬಟ್ಟಲು ಹಿಡಿದ ಅಜ್ಜಿ, "ಇಲ್ಲಿ ಇಡ್ಲೇನಪ್ಪಾ? ಇಲ್ಲಿ?" ಎಂದು ಒಂದೊಂದು ಜಾಗಕ್ಕೂ ಅವನನ್ನೇ ಕೇಳಿದರು. ಅವನು ಬುಡ ತೋರಿಸಿದ. ಬೊಟ್ಟಿಟ್ಟು, ನಿಂಬೆಹಣ್ಣೊಂದನ್ನು ಅದಕ್ಕೆ ನಿವಾಳಿಸಿ, "ಯಾರ್ಯಾರ ಕಣ್ಣು ಬಿದ್ದಿದೆಯೋ" ಎಂದು ಗೊಣಗಿ, ಹಣ್ಣನ್ನು ನನ್ನ ಕೈಗೆ ಕೊಟ್ಟರು. "ದಾರಿ ಕೂಡೋ ಕಡೆ ಬಿಸಾಕಿ ಬಾ. ಹಿಂದೆ ತಿರುಗಿ ನೋಡ್ಬೇಡ."

ನಾನು ತಿರುಗಿ ನೋಡಿದೆ. ಎರಡೂ ಕೈಯಲ್ಲಿ ಯಂತ್ರ ಹಿಡಿದು ಬಾಗಿಲಲ್ಲಿ ನಿಂತವನ ಬಾಯಿಗೆ ಅಜ್ಜಿ ಕೊಡುಬಳೆ ಮುರಿದು ಹಾಕುತ್ತಿದ್ದರು.