ಡ್ರಿಲ್ ಮೇಷ್ಟ್ರಿಗೆ ಎದುರುತ್ತರ ಕೊಡುವ ಹುಂಜ

"ಗುಳುಗುಳುಗುಳು" ಎಂದಿತು ಹುಂಜ. ಹೊಲಿಗೆಯಕ್ಕ ಮಿಷನ್ನಿನಿಂದ ಕಾಲು ತೆಗೆದಳು. ಪಕ್ಕದ ಮನೆಯ ಡ್ರಿಲ್ ಮೇಷ್ಟ್ರು ಬಾಯಿ ತೆರೆದಿದ್ದಾರೆಂದು ಅರ್ಥ.

ಅವಳ ಕಿಟಕಿಯಾಚೆ ಅಂಗೈಯಗಲದ ತೋಟ. ಅಲ್ಲಿ ಒಂದು ಹುಂಜ, ಎರಡು ಹೇಂಟೆ. ಕೋಳಿಮರಿಗಳೆಂದೇ ತಂದಿದ್ದಳು. ಬೆಳೆಯುವುದನ್ನು ನಿಲ್ಲಿಸುವ ಲಕ್ಷಣವೇ ಕಾಣದಾದಾಗ, ಇವು ಟರ್ಕಿ ಕೋಳಿಗಳೆಂದು ಯಾರೋ ಹೇಳಿದರು. ಅಷ್ಟರಲ್ಲಿ ಅವು ಮನೆಯವರಾಗಿಬಿಟ್ಟಿದ್ದವು. ಅಳತೆ ಕೊಡಲು ಬಂದವರ ಚಪ್ಪಲಿಯ ಬಕಲನ್ನು ಕುಕ್ಕಿ ನೋಡುವಷ್ಟು ಸಲುಗೆ. ಹುಂಜವಂತೂ ಬಾಲ ಬಿಚ್ಚಿ, ಕತ್ತಿನ ಜೋಲುಚರ್ಮವನ್ನು ಕೆಂಪೇರಿಸಿಕೊಂಡು, ಮದುವೆಮನೆಯಲ್ಲಿ ಕುರ್ಚಿ ಸಿಗದ ದೊಡ್ಡ ಭಾವನಂತೆ ಓಡಾಡುತ್ತಿತ್ತು.

"ಕುಯ್ಯೋದು ಯಾವಾಗ?" ಎಂದವರಿಗೆಲ್ಲ ಅವಳದು ಒಂದೇ ಉತ್ತರ: "ನಿಮ್ಮ ಪ್ಯಾಂಟು ಹೊಲಿದು ಮುಗಿಸಿದ ಮೇಲೆ." ಅವಳ ಹೊಲಿಗೆಯ ವೇಗ ಬಲ್ಲವರು ಮತ್ತೆ ಕೇಳುತ್ತಿರಲಿಲ್ಲ.

ಮೇಷ್ಟ್ರು ನಿವೃತ್ತರಾಗಿದ್ದರು, ಅವರ ಗಂಟಲು ಆಗಿರಲಿಲ್ಲ. ಮನೆಯಲ್ಲಿ ಉಪ್ಪು ಕೇಳಿದರೂ ಮೈದಾನದ ತುದಿಗೆ ಕೇಳಿಸಬೇಕು. ಜೋರು ಸದ್ದಿಗೆ ಉತ್ತರ ಕೊಡುವುದು ಈ ಹುಂಜಗಳ ಹುಟ್ಟುಗುಣ. ಅದನ್ನು ಮೇಷ್ಟ್ರಿಗೆ ತಿಳಿಸಿ ಹೇಳುವವರು ಯಾರು?

ಇವತ್ತು ಅವರು ತಮ್ಮ ಕಡೆಯ ಕಾಂಪೌಂಡು ಗೋಡೆಗೇ ಬಂದು ನಿಂತಿದ್ದರು.

"ಸಂಜೆಯೊಳಗೆ ಅದನ್ನ ಗೂಡಿಗೆ ಹಾಕಮ್ಮ. ಇಲ್ಲಾಂದ್ರೆ ಮುನಿಸಿಪಾಲಿಟಿಯವರು ಹಿಡ್ಕೊಂಡು ಹೋಗ್ತಾರೆ."

"ಗುಳುಗುಳುಗುಳು."

"ನೋಡು, ಅಣಕಿಸ್ತಿದೆ."

ಹಿಂದಿನ ಬೀದಿಯ ಹಿಟ್ಟಿನ ಗಿರಣಿಯನ್ನೇ ಸದ್ದು ಜಾಸ್ತಿಯೆಂದು ಮಧ್ಯಾಹ್ನದ ಹೊತ್ತು ಮುಚ್ಚಿಸಿದ್ದ ಆಸಾಮಿ ಇವರು. ಗೂಡಿಗೆ ಅವಳಲ್ಲಿದ್ದ ಜಾಗವೆಂದರೆ ಬಚ್ಚಲ ಪಕ್ಕದ ಕತ್ತಲ ಮೂಲೆ. ಅಲ್ಲಿ ಹುಂಜ ಬಾಲ ಬಿಚ್ಚುವುದಿರಲಿ, ತಿರುಗಿ ನಿಲ್ಲುವುದೂ ಕಷ್ಟ.

"ಮೇಷ್ಟ್ರೇ, ಒಂದ್ಸಲ ಮೆಲ್ಲಗೆ ಹೇಳಿ ನೋಡಿ."

"ನನ್ನ ಮನೆ ಅಂಗಳದಲ್ಲಿ ನಾನು ಪಿಸುಗುಟ್ಟಬೇಕಾ?"

"ಗುಳುಗುಳುಗುಳು."

ಮೇಷ್ಟ್ರು ಅತ್ತಿತ್ತ ನೋಡಿದರು. ಬೀದಿಯಲ್ಲಿ ಯಾರೂ ಇರಲಿಲ್ಲ. "ಗೂಡಿಗೆ ಹಾಕು ಅಂದೆ," ಎಂದರು, ಯಾರೋ ಮಲಗಿರುವ ಕೋಣೆಯಲ್ಲಿ ಮಾತಾಡುವವರಂತೆ. ಹುಂಜ ಕತ್ತು ಓರೆ ಮಾಡಿ ಕೇಳಿಸಿಕೊಂಡು, ಬೀನ್ಸ್ ಬಳ್ಳಿಯ ಬುಡದ ಹುಳುವಿನತ್ತ ಹೊರಟುಹೋಯಿತು.

ಬಟ್ಟೆ ಒಣಹಾಕುತ್ತಿದ್ದ ಮೇಷ್ಟ್ರ ಹೆಂಡತಿ ಬಾಯಿಂದ ಕ್ಲಿಪ್ಪು ತೆಗೆದರು.

"ರೀ, ಅದರ ತಂಟೆಗೆ ಹೋಗಬೇಡಿ. ಮದುವೆಯಾದಾಗಿಂದ ನನ್ನ ಕೈಲಾಗದ್ದನ್ನ ಅದು ಮಾಡಿದೆ. ನಿನ್ನೆ ಊಟಕ್ಕೆ ಕೂತಾಗ 'ಸ್ವಲ್ಪ ನೀರು ಕೊಡ್ತೀಯಾ' ಅಂದ್ರಿ. ಯಾರಪ್ಪಾ ನೆಂಟರು ಬಂದಿರೋದು ಅಂತ ನಾನು ಹಿಂದೆ ತಿರುಗಿ ನೋಡಿದೆ."

"ಅದು... ಕಿಟಕಿ ತೆಗೆದಿತ್ತು, ಅದಕ್ಕೆ."

"ಇನ್ಮೇಲೆ ತೆಗೆದೇ ಇಡ್ತೀನಿ. ಹೊಲಿಗೆಯಕ್ಕಾ, ನೀನು ಅದನ್ನ ಗೂಡಿಗೆ ಹಾಕಿದ್ರೆ ನಾನೇ ಬಂದು ಬಾಗಿಲು ತೆಗೀತೀನಿ, ತಿಳೀತಾ?"

ಮೇಷ್ಟ್ರು ಹೆಂಡತಿಯನ್ನು ನೋಡಿದರು, ಹುಂಜವನ್ನು ನೋಡಿದರು. ಎರಡು ಕಡೆಯಿಂದಲೂ ಸೋತಿದ್ದರು. ಗೌರವವಾಗಿ ಹಿಂದೆ ಸರಿಯುವ ದಾರಿಯಷ್ಟೇ ಬೇಕಿತ್ತು.

"ಆಯ್ತಮ್ಮ, ತಿರುಗಾಡಿಕೊಂಡಿರಲಿ. ಆದ್ರೆ ಒಂದು ಷರತ್ತು. ನಮ್ಮ ಕಡೆಗೆ ಮಾತ್ರ ಅವು ಕಾಲು..."

ಅವರ ಬೆನ್ನ ಹಿಂದೆ ದೊಡ್ಡ ಹೇಂಟೆ ಆಗಲೇ ಅವರ ಕೊತ್ತಂಬರಿ ಪಾತಿಯ ನಡುವೆ ಆರಾಮಾಗಿ ಕೂತು, ರೆಕ್ಕೆಗೆ ಮಣ್ಣು ಎರಚಿಕೊಳ್ಳುತ್ತಿತ್ತು.

"ಹೇಳ್ತಾ ಇರಿ ಮೇಷ್ಟ್ರೇ, ಕೇಳಿಸ್ತಿದೆ," ಎನ್ನುತ್ತ ಹೊಲಿಗೆಯಕ್ಕ ಸೆರಗು ಸಿಕ್ಕಿಸಿಕೊಂಡು ಅವರ ಗೇಟಿನತ್ತ ನಡೆದಳು.