ಕೋಟೆಯಿಂದ ಬರುವಾಗ ಮಾತ್ರ ಬಾಲ ಬೀಸಿದ ಟ್ರೇಲರ್

ಎರಡನೇ ಮಹಾಯುದ್ಧ ಶುರುವಾಗಿ ಎರಡನೆಯ ವರ್ಷ. ನಾನು ಹುಣಸೂರಿನ ಒಬ್ಬ ಮರದ ಸಾಹುಕಾರರ ಬಳಿ ಫಿಟರ್ ಆಗಿದ್ದೆ. ಜನ ಕರೆಯುತ್ತಿದ್ದುದು ಮಾತ್ರ ಮೇಸ್ತ್ರಿ ಎಂದು. ಸಾಹುಕಾರರಿಗಿದ್ದದ್ದು ಒಂದೇ ಲಾರಿ, ಅದರ ಹಿಂದೆ ಕಟ್ಟಿ ಎಳೆಯಲು ಎರಡು ಚಕ್ರದ ಒಂದು ಟ್ರೇಲರ್. ಹೆಗ್ಗಡದೇವನಕೋಟೆಯಿಂದ (ನಮ್ಮ ಬಾಯಲ್ಲಿ ಬರೀ ಕೋಟೆ) ದಿಮ್ಮಿ, ಪಿರಿಯಾಪಟ್ಟಣದಿಂದ ಕೊಯ್ದ ಹಲಗೆ ಅದರಲ್ಲೇ ಬರಬೇಕಿತ್ತು.

ಆ ವರ್ಷ ಲಾರಿಯ ಹಿಂದಿನ ಸ್ಪ್ರಿಂಗಿನ ಮುಖ್ಯ ಪಟ್ಟಿ ಮುರಿಯಿತು. ಲಾರಿಯ ಸ್ಪ್ರಿಂಗ್ ಎಂದರೆ ಸುರುಳಿಯಲ್ಲ, ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಕಟ್ಟು. ಯುದ್ಧದ ದೆಸೆಯಿಂದ ಹೊಸ ಪಟ್ಟಿ ಮೈಸೂರಿನಲ್ಲೂ ಸಿಗಲಿಲ್ಲ. ಗುಜರಿ ಲಾರಿಯೊಂದರ ಪಟ್ಟಿಗಳನ್ನು ತಂದು, ಕುಲುಮೆಯಲ್ಲಿ ಬಾಗಿಸಿ, ಮುರಿದದ್ದನ್ನು ಬದಲಿಸಿ, ಪಕ್ಕಕ್ಕೆ ಎರಡರಂತೆ ಹೆಚ್ಚಿಗೆ ಸೇರಿಸಿದೆ. ಲಾರಿಯ ಹಿಂಭಾಗ ಎರಡು ಅಂಗುಲ ಎದ್ದಿತು. ಟ್ರೇಲರ್ ಮೂಗೆತ್ತಿ ನಿಲ್ಲಬಾರದೆಂದು ಅದನ್ನು ಸಿಕ್ಕಿಸುವ ಕೊಕ್ಕೆಯನ್ನೂ ಅಷ್ಟೇ ಇಳಿಸಿ ಬೋಲ್ಟು ಬಿಗಿದೆ. ಮುಗಿದ ಮೇಲೆ ಲಾರಿಯನ್ನು ಮೂರು ಸಲ ಸುತ್ತಿ ಬಂದೆ, ಅಷ್ಟು ಹೆಮ್ಮೆ ನನಗೆ.

ಹದಿನೈದು ದಿನದೊಳಗೆ ದೂರು ಬಂತು. ಓಡುವಾಗ ಟ್ರೇಲರ್ ಎಡಕ್ಕೂ ಬಲಕ್ಕೂ ಬಾಲ ಬೀಸುತ್ತದಂತೆ. ಒಂದು ದಿನ ಎದುರಿಗೆ ಬಂದ ಎತ್ತಿನ ಗಾಡಿಗೆ ತಾಗಿ ಗಾಡಿ ರಸ್ತೆ ಬಿಟ್ಟು ಹಳ್ಳಕ್ಕಿಳಿಯಿತು. ಪುಣ್ಯಕ್ಕೆ ಎತ್ತಿಗೂ ಆಳಿಗೂ ಏನೂ ಆಗಲಿಲ್ಲ. ಡ್ರೈವರ್ ಚಿಕ್ಕಣ್ಣ ಕುಡಿದು ಓಡಿಸುತ್ತಾನೆ ಎಂಬ ಮಾತು ಮಾತ್ರ ಲಾರಿಗಿಂತ ಮೊದಲೇ ಹುಣಸೂರು ಸೇರಿತು. ಚಿಕ್ಕಣ್ಣ ಮಿರ್ಲೆಯವನು, ಮಾತು ಕಡಿಮೆ. ಸಾಹುಕಾರರು ಅವನನ್ನು ಕರೆದು, "ಇನ್ನೊಂದು ದೂರು ಬಂದ್ರೆ ಲಾರಿ ಬಿಟ್ಟು ಊರಿಗೆ ಹೋಗಿ ಹೊಲ ಉಳು" ಎಂದರು. ಉಳಲು ಅವನಿಗೆ ಹೊಲವಿರಲಿಲ್ಲ.

ನಾನು ಟ್ರೇಲರಿನ ಬೇರಿಂಗ್, ಟೈರು, ಕೊಕ್ಕೆ ಎಲ್ಲವನ್ನೂ ಬಿಚ್ಚಿ ನೋಡಿದೆ. ಕುಂದೇನೂ ಕಾಣಲಿಲ್ಲ. ಆಗ ಚಿಕ್ಕಣ್ಣ ಒಂದೇ ಒಂದು ಮಾತು ಹೇಳಿದ. "ಪಿರಿಯಾಪಟ್ಣದಿಂದ ಬರುವಾಗ ನೆಟ್ಟಗೇ ಬತ್ತದೆ ಮೇಸ್ತ್ರಿ. ಕೋಟೇಲಿ ತುಂಬುದ್ರೆ ಮಾತ್ರ ಇಂಗಾಡ್ತದೆ."

ಸಾಹುಕಾರರು ಇದನ್ನು ಕೇಳಿ ನಕ್ಕರು. ಕೋಟೆಯಲ್ಲಿ ಹೆಂಡದಂಗಡಿ ದಿಮ್ಮಿ ತುಂಬುವ ಡಿಪೋ ಪಕ್ಕದಲ್ಲೇ ಇತ್ತು. ನನಗೆ ಮಾತ್ರ ಆ ಮಾತು ತಲೆಯೊಳಗೆ ಕೊರೆಯತೊಡಗಿತು. ಅದೇ ಲಾರಿ, ಅದೇ ಟ್ರೇಲರ್, ಅದೇ ಡ್ರೈವರ್. ಊರು ಬದಲಾದರೆ ಬಾಲ ಯಾಕೆ ಬೀಸಬೇಕು?

ಮುಂದಿನ ಸಲ ನಾನೂ ಕೋಟೆಗೆ ಹೋದೆ. ದಿಮ್ಮಿ ತುಂಬುವಷ್ಟು ಹೊತ್ತೂ ಚಿಕ್ಕಣ್ಣನ ಪಕ್ಕ ಬಿಟ್ಟು ಕದಲಲಿಲ್ಲ. ಹೊರಡುವ ಮುಂಚೆ ಏನೋ ಹೇಳುವ ನೆಪದಲ್ಲಿ ಅವನ ಬಾಯಿಯ ಹತ್ತಿರ ಮುಖ ಒಯ್ದೆ. ಬೀಡಿಯ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಅವನಿಗೆ ಗೊತ್ತಾಯಿತು. ಬಾಗಿಲು ತೆರೆದು ಲಾರಿ ಹತ್ತಿದ.

ಒಂದು ಮೈಲಿ ದಾಟಿ ಇಳಿಜಾರಿಗೆ ಬಂದೆವು. ಹಿಂದಿನಿಂದ ಯಾರೋ ಲಾರಿಯನ್ನು ಹಿಡಿದು ಅಲುಗಾಡಿಸಿದಂತಾಯಿತು. ತಿರುಗಿ ನೋಡಿದರೆ ಟ್ರೇಲರ್ ರಸ್ತೆಯನ್ನೆಲ್ಲ ಗುಡಿಸುತ್ತಿದೆ. ಚಿಕ್ಕಣ್ಣ ಸ್ಟೀರಿಂಗನ್ನು ಅಲ್ಲಾಡಿಸದೆ ಹಿಡಿದು, ಮೆಲ್ಲಗೆ ವೇಗ ಇಳಿಸಿ, ತಳದಲ್ಲಿ ಮಟ್ಟಸವಾದ ಜಾಗದಲ್ಲಿ ನಿಲ್ಲಿಸಿದ.

ಚಕ್ರಗಳಿಗೆ ಕಲ್ಲು ಕೊಟ್ಟು ಕೊಕ್ಕೆಯ ಮೇಲಿನ ಚಿಲಕ ತೆಗೆದೆ. ಎತ್ತಿನ ಗಾಡಿಗಿರುವಂತೆ ಟ್ರೇಲರಿಗೂ ಮುಂದಕ್ಕೆ ಚಾಚಿದ ಮೂಕಿ ಇರುತ್ತದೆ. ಚಿಲಕ ತೆಗೆದದ್ದೇ ತಡ, ಆ ಮೂಕಿ ತಾನಾಗಿ ಮೇಲೆದ್ದು ಟ್ರೇಲರಿನ ಹಿಂಭಾಗ ನೆಲಕ್ಕೆ ಕೂತಿತು. ಹೊರೆಯೆಲ್ಲ ಚಕ್ರದ ಹಿಂದಿತ್ತು. ಮೂಕಿ ಕೊಕ್ಕೆಯನ್ನು ಒತ್ತಿ ಹಿಡಿಯುವ ಬದಲು ಲಾರಿಯ ಹಿಂಭಾಗವನ್ನೇ ಎತ್ತುತ್ತಿತ್ತು. ಹಾಗಾದಾಗ ಬಾಲ ಬೀಸದೆ ಇನ್ನೇನು ಮಾಡೀತು?

ಡಿಪೋಗೆ ನಡೆದು ಹೋಗಿ ಹಮಾಲಿಗಳನ್ನು ಕರೆತಂದೆ. ಇದೆಂಥ ತುಂಬುವ ರೀತಿ ಎಂದು ರೇಗಿದೆ. ಅವರ ಹಿರಿಯ ಬೊಮ್ಮಣ್ಣ ಕಕ್ಕಾಬಿಕ್ಕಿಯಾಗಿ ನನ್ನನ್ನೇ ನೋಡಿದ.

"ನೀವೇ ಯೋಳಿದ್ರಲ್ಲ ಮೇಸ್ತ್ರಿ, ಪಟ್ಟಿ ಅಳೇದು, ಕೊಕ್ಕೆ ಮ್ಯಾಲೆ ಭಾರ ಬೀಳದಂಗೆ ನೋಡ್ಕೊಳಿ ಅಂತ. ಅದಕ್ಕೇ ದಿಮ್ಮಿ ಬುಡ ಎಲ್ಲಾ ಇಂದಕ್ಕೆ ಆಕಿದ್ದೀವಿ. ಎತ್ತಿನ ಕುತ್ತಿಗೆ ಮ್ಯಾಲೆ ಯಾರಾದ್ರೂ ಭಾರ ಏರ್ತಾರಾ?"

ಹೇಳಿದ್ದೆ. ಪಟ್ಟಿ ಕಟ್ಟಿದ ಮೇಲಿನ ಮೊದಲ ಟ್ರಿಪ್ಪಿಗೆ ಕೋಟೆಗೆ ಬಂದು, ನನ್ನ ತೇಪೆ ಕೆಲಸ ಎಲ್ಲಿ ಕೈಕೊಡುತ್ತದೋ ಎಂಬ ಹೆದರಿಕೆಯಲ್ಲಿ ಹಾಗೆಂದು, ತುಂಬುವ ಮೊದಲೇ ಬೇರೆ ಗಾಡಿ ಹಿಡಿದು ಊರಿಗೆ ಮರಳಿದ್ದೆ. ಪಿರಿಯಾಪಟ್ಟಣಕ್ಕೆ ಹೋಗಿರಲೇ ಇಲ್ಲ, ಅಲ್ಲಿ ಹಲಗೆಯನ್ನು ಮೊದಲಿನಂತೆಯೇ ತುಂಬುತ್ತಿದ್ದರು. ಗಾಡಿ ಹೊಡೆದು ಬೆಳೆದ ಆ ಜನ ಎತ್ತಿಗೆ ತೋರಿಸುವ ಕರುಣೆಯನ್ನೇ ಲಾರಿಗೂ ತೋರಿಸಿದ್ದರು. ಮರದ ಬುಡ ದಪ್ಪ, ಭಾರ ಇರುವುದೆಲ್ಲ ಅಲ್ಲೇ. ಲಾರಿಯ ಸ್ಪ್ರಿಂಗ್ ಇರುವುದೇ ಭಾರ ಹೊರಲು, ಸ್ವಲ್ಪ ಅದುಮಿದರೇ ಕೊಕ್ಕೆ ಬಿಗಿಯಾಗಿ ನಿಲ್ಲುವುದು ಎಂದು ನಾನು ಹೇಳಬೇಕಿತ್ತು.

ದಿಮ್ಮಿಗಳನ್ನು ಇಳಿಸಿ, ಬುಡಗಳನ್ನು ಮುಂದಕ್ಕೆ ತಿರುಗಿಸಿ ತುಂಬಿಸಿದೆವು. ಲಾರಿಯ ಹಿಂಭಾಗ ಎರಡು ಬೆರಳು ತಗ್ಗಿತು. ಹುಣಸೂರಿನವರೆಗೂ ಟ್ರೇಲರ್ ಗೆರೆ ಎಳೆದಂತೆ ಬಂತು.

ಸಾಹುಕಾರರ ಎದುರು ನಿಂತು ತಪ್ಪು ನನ್ನದೆಂದು ಹೇಳಿದೆ. ಅವರು ಅರೆಗಳಿಗೆಯೂ ಯೋಚಿಸಲಿಲ್ಲ. "ಹೋಗ್ಲಿ ಬುಡಿ ಮೇಸ್ತ್ರಿ, ಪಟ್ಟಿ ಉಳೀಲಿ ಅಂತ ತಾನೆ ಹೇಳಿದ್ದು" ಎಂದು ಕಾಫಿ ತರಿಸಿದರು. ಚಿಕ್ಕಣ್ಣ ಹೊರಗೆ ಲಾರಿ ಒರೆಸುತ್ತಿದ್ದ. ಅವನನ್ನು ಯಾರೂ ಒಳಗೆ ಕರೆಯಲಿಲ್ಲ. ಕಾಫಿ ಲೋಟವನ್ನು ಹಾಗೇ ಇಟ್ಟು ಎದ್ದೆ.

ಹೊರಗೆ ಬಂದು ಕೇಳಿದೆ. "ನಾನು ಕುಡಿಯಲ್ಲ ಅಂತ ಒಂದು ಮಾತು ಹೇಳ್ಬಾರದಾಗಿತ್ತಾ ಚಿಕ್ಕಣ್ಣ?"

"ಕುಡ್ದಿಲ್ಲ ಅಂತ ಕುಡ್ದೋನೂ ಅಂತಾನೆ ಮೇಸ್ತ್ರಿ" ಎಂದ ಅವನು, ಬಟ್ಟೆ ಹಿಂಡುತ್ತ. "ಕೋಟೇಲಿ ಮಾತ್ರ ಇಂಗಾಡ್ತದೆ ಅಂದೆ. ನಂಗೆ ಗೊತ್ತಿದ್ದದ್ದು ಅಷ್ಟೇಯ."

ಆಮೇಲೆ ಮೂವತ್ತು ವರ್ಷ ಇದೇ ಕಸುಬು ಮಾಡಿದೆ. ದೂರು ಹೊತ್ತು ಬಂದ ಯಾವ ಗಾಡಿಯಾದರೂ ಸರಿ, ಅದಕ್ಕೆ ಕೊನೆಯ ಸಲ ನಾನೇನು ಮಾಡಿದ್ದೆ, ಯಾರಿಗೆ ಏನು ಹೇಳಿದ್ದೆ ಎಂದು ಮೊದಲು ನೆನಪಿಸಿಕೊಳ್ಳುತ್ತಿದ್ದೆ. ಡ್ರೈವರನ್ನು ಕೇಳುತ್ತಿದ್ದುದು ಎಲ್ಲಿ, ಯಾವಾಗ ಎಂದಷ್ಟೇ. ಅವನು ಕೊಟ್ಟ ಉತ್ತರವನ್ನು ನಂಬಿಯೇ ಸ್ಪ್ಯಾನರ್ ಕೈಗೆತ್ತಿಕೊಳ್ಳುತ್ತಿದ್ದೆ.